ಅನ್ನಪಾನ ನಿರೋಧ: ಉಣ್ಣದೆ ಕುಳಿತ ಮೂಕಜೀವಿಯ ಮುಂದೆ ಶ್ರಾವಕನ ಕರ್ತವ್ಯ

॥ ಶ್ರೀ ವೀತರಾಗಾಯ ನಮಃ ॥



ಶ್ರಾವಕನು ಸ್ವೀಕರಿಸುವ ಐದು ಅಣುವ್ರತಗಳಲ್ಲಿ ಅಹಿಂಸಾಣುವ್ರತವೇ ಮೊದಲನೆಯದು. ಅದು ಬೆಳೆಯಾದರೆ ಉಳಿದ ನಾಲ್ಕು ವ್ರತಗಳು ಆ ಬೆಳೆಗೆ ಕಟ್ಟಿದ ಬೇಲಿ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ತಿಳಿಸಿದ್ದಾರೆ. ಜೀವಿಯನ್ನು ಕಟ್ಟಿಹಾಕುವುದು ಬಂಧ. ಹೊಡೆಯುವುದು ವಧ. ಅಂಗಾಂಗಗಳನ್ನು ಕತ್ತರಿಸುವುದು ಛೇದ. ತಾಳಲಾರದಷ್ಟು ಹೊರೆ ಹೊರಿಸುವುದು ಅತಿಭಾರಾರೋಪಣ. ಹೊತ್ತಿಗೆ ಸರಿಯಾಗಿ ಅನ್ನನೀರು ದೊರೆಯದಂತೆ ಮಾಡುವುದು ಅನ್ನಪಾನ ನಿರೋಧ.

ಹಿಂದೆ ಹಟ್ಟಿಯ ದನಕರುಗಳು, ಗಾಡಿಯ ಎತ್ತುಗಳು ಮನೆಮನೆಯಲ್ಲಿದ್ದಾಗ ಈ ಐದನ್ನೂ ಹಿರಿಯರು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು. ದನಕ್ಕೆ ಹುಲ್ಲು ಹಾಕದೆ ಮನೆಯ ಯಜಮಾನ ಎಲೆಯ ಮುಂದೆ ಕೂರುತ್ತಿರಲಿಲ್ಲ. ಈಗ ಹಟ್ಟಿಗಳು ಕಡಿಮೆಯಾಗಿವೆ. ಆದರೆ ಜೀವಿಗಳು ಬೇರೊಂದು ಬಾಗಿಲಿನಿಂದ ಮನೆಯೊಳಗೆ ಬಂದಿವೆ. ಗಾಜಿನ ಪೆಟ್ಟಿಗೆಯಲ್ಲಿ ಮೀನು, ಪಂಜರದಲ್ಲಿ ಹಕ್ಕಿ, ಕೆಲವು ಮನೆಗಳಲ್ಲಿ ಪರದೇಶದ ಹಲ್ಲಿ. ಕೇರಳದ ಪೇಟೆಗಳಲ್ಲಿ ಹಸಿರು ಇಗುವಾನಾ ಎಂಬ ದೊಡ್ಡ ಹಲ್ಲಿಯನ್ನು ಮಕ್ಕಳು ಆಸೆಪಟ್ಟು ತರುತ್ತಾರೆ. ಅದು ಎಲೆ ತಿನ್ನುವ ಜೀವಿ ಎಂದು ಕೇಳಿ ಜೈನ ಮನೆಯ ಹಿರಿಯರೂ ಒಪ್ಪುತ್ತಾರೆ. ಪೆಟ್ಟಿಗೆಯ ಬಾಗಿಲು ಮುಚ್ಚಿದ ಕ್ಷಣದಲ್ಲೇ ಮೊದಲನೆಯ ಅತಿಚಾರವಾದ ಬಂಧವು ಮನೆಯ ಹೊಸ್ತಿಲು ದಾಟಿತೆಂಬುದನ್ನು ಯಾರೂ ಯೋಚಿಸುವುದಿಲ್ಲ. ಆ ಜೀವಿ ಒಂದು ದಿನ ಆಹಾರವನ್ನು ಬಿಟ್ಟಾಗ ಐದನೆಯದು ಎದುರಿಗೆ ನಿಲ್ಲುತ್ತದೆ.

ನೋಂಪಿಯೋ, ನೋವೋ?

ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ವಯನಾಡಿನ ಮಳೆಗಾಲ, ದಶಲಕ್ಷಣ ಪರ್ವದ ದಿನಗಳು. ಅಜ್ಜಿಯವರು ಅನಂತನ ನೋಂಪಿ ಹಿಡಿದು ಏಕಭುಕ್ತದಲ್ಲಿದ್ದಾರೆ. ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಮಲಯಾಳವನ್ನೂ ಆಡುವ ಮೊಮ್ಮಗನ ಇಗುವಾನಾ ಎಂಟು ದಿನಗಳಿಂದ ಎಲೆ ಮುಟ್ಟಿಲ್ಲ. ಹುಡುಗ ಅಳುಮುಖ ಮಾಡಿಕೊಂಡು ಬಂದು ಹೇಳುತ್ತಾನೆ. ಅಜ್ಜಿಯವರು, "ಪರ್ವದ ದಿನಗಳು ಮಗೂ. ಅದೂ ನೋಂಪಿ ಹಿಡಿದಿದೆ. ಪುಣ್ಯಜೀವಿ, ಅದನ್ನು ಮುಟ್ಟಬೇಡ" ಎನ್ನುತ್ತಾರೆ.

ಆ ಮಾತಿನಲ್ಲಿ ದ್ವೇಷವಿಲ್ಲ, ಉದಾಸೀನವೂ ಇಲ್ಲ. ಇರುವುದು ಭಕ್ತಿ. ಅದಕ್ಕೆ ಪುರಾಣಗಳ ಆಧಾರವೂ ಇಲ್ಲದಿಲ್ಲ. ಭಗವಾನ್ ಮಹಾವೀರಸ್ವಾಮಿಯ ಜೀವವು ಹಿಂದಿನ ಒಂದು ಭವದಲ್ಲಿ ಸಿಂಹವಾಗಿದ್ದಾಗ ಚಾರಣ ಮುನಿಗಳ ಉಪದೇಶ ಕೇಳಿ, ಮಾಂಸವನ್ನು ತ್ಯಜಿಸಿ, ನಿರಾಹಾರದಿಂದ ದೇಹವನ್ನು ಬಿಟ್ಟು ಸ್ವರ್ಗಕ್ಕೆ ಹೋಯಿತು. ಪಾರ್ಶ್ವನಾಥಸ್ವಾಮಿಯ ಜೀವವು ಆನೆಯಾಗಿದ್ದಾಗ ಅರವಿಂದ ಮುನಿಗಳಿಂದ ವ್ರತ ಪಡೆದು ಒಣಗಿದ ಎಲೆಗಳನ್ನು ತಿಂದು ಬಾಳಿತು. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚರೂ ಅಣುವ್ರತಗಳಿಗೆ ಅರ್ಹರೆಂದು ಜಿನಶಾಸನವು ಒಪ್ಪುತ್ತದೆ. ಪ್ರಾಣಿಗೆ ಇಷ್ಟು ಗೌರವ ಕೊಟ್ಟುದು ಜೈನಧರ್ಮದ ಹಿರಿಮೆ.

ಆದರೆ ಆ ಸಿಂಹಕ್ಕೂ ಆನೆಗೂ ಉಪದೇಶವಾಯಿತು, ಅರಿವು ಮೂಡಿತು, ಆ ಅರಿವಿನಿಂದ ತ್ಯಾಗವು ಹುಟ್ಟಿತು. ಉಪವಾಸದ ಜೀವಾಳ ಸಂಕಲ್ಪ. ಆಹಾರ ಎದುರಿಗಿದ್ದೂ, ತಿನ್ನುವ ಶಕ್ತಿಯಿದ್ದೂ, ಆತ್ಮಶುದ್ಧಿಗಾಗಿ ಬಿಡುವುದು ಉಪವಾಸ. ತಿನ್ನಲಾಗದೆ ಬಿಟ್ಟುದು ರೋಗ. 1955ರಲ್ಲಿ ಕುಂಥಲಗಿರಿಯಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರು ಸಲ್ಲೇಖನವನ್ನು ಸ್ವೀಕರಿಸಿ ಸಮಾಧಿಮರಣ ಹೊಂದಿದಾಗ ದೇಶದ ನಾನಾ ಭಾಷೆಗಳ ಜೈನರು ಆ ಬೆಟ್ಟಕ್ಕೆ ನಡೆದುಬಂದರು. ಅಲ್ಲಿ ಅವರು ಕಂಡದ್ದು ಪೂರ್ಣ ಎಚ್ಚರದ ತ್ಯಾಗ. ಅದರ ಹೆಸರನ್ನು ಚಳಿಯಿಂದ ಮುದುಡಿದ ಒಂದು ಜೀವಿಗೆ ಅಂಟಿಸುವುದು ಸಲ್ಲೇಖನಕ್ಕೂ ಗೌರವವಲ್ಲ, ಜೀವಿಗೂ ಉಪಕಾರವಲ್ಲ. ಯಾವ ಪ್ರಾಣಿ ವ್ರತ ಹಿಡಿದಿದೆ, ಯಾವುದು ಹಿಡಿದಿಲ್ಲ ಎಂದು ತೀರ್ಪು ಕೊಡುವ ಜ್ಞಾನ ಗೃಹಸ್ಥನಿಗೆ ಇಲ್ಲ. ಅದರ ಸಂಕಟವನ್ನು ಕಂಡು ಸೇವೆ ಮಾಡುವ ಕೈ ಮಾತ್ರ ಅವನಿಗೆ ಇದೆ.

ದೃಷ್ಟಾಂತದ ಹುಡುಗ ಅಜ್ಜಿಯನ್ನು ಹೀಗೆ ಕೇಳಬಹುದು: "ಅಜ್ಜೀ, ನೀವು ಬಸದಿಯಲ್ಲಿ ಸಂಕಲ್ಪ ಮಾಡಿ ನೋಂಪಿ ಹಿಡಿದಿರಿ. ಇದಕ್ಕೆ ಸಂಕಲ್ಪ ಮಾಡಿಸಿದವರು ಯಾರು?" ಆ ತಾಯಿ ಒಂದು ಗಳಿಗೆ ಸುಮ್ಮನಿದ್ದು, ಎದ್ದು ಹೋಗಿ ಪೆಟ್ಟಿಗೆಯೊಳಗೆ ಕೈಯಿಟ್ಟು ನೋಡುತ್ತಾರೆ. "ಇದು ತಣ್ಣಗಿದೆಯಲ್ಲೋ" ಎನ್ನುತ್ತಾರೆ. ಧರ್ಮವು ಆ ಮನೆಯಲ್ಲಿ ಕಣ್ಣು ತೆರೆದದ್ದು ಆ ಗಳಿಗೆಯಲ್ಲಿ.

ಕಟ್ಟಿಗೆಯೊಳಗಿನ ಹಾವು

ಪಾರ್ಶ್ವಕುಮಾರನ ಕಥೆ ಎಲ್ಲ ಜೈನ ಮಕ್ಕಳಿಗೂ ಗೊತ್ತು. ತಾಪಸನೊಬ್ಬನು ಬೆಂಕಿಯ ನಡುವೆ ಕುಳಿತು ಘೋರ ತಪಸ್ಸು ಮಾಡುತ್ತಿದ್ದನು. ಜನರು ಕೈಮುಗಿದು ಕೊಂಡಾಡುತ್ತಿದ್ದರು. ರಾಜಕುಮಾರನ ಕಣ್ಣು ಮಾತ್ರ ಕಟ್ಟಿಗೆಯೊಳಗೆ ಸಿಕ್ಕಿಬಿದ್ದಿದ್ದ ಹಾವುಗಳ ಮೇಲೆ ಬಿತ್ತು. ಕರುಣೆಯಿಲ್ಲದ ತಪಸ್ಸು ತಪಸ್ಸೇ ಅಲ್ಲವೆಂದು ಕುಮಾರನು ತಿಳಿಹೇಳಿದನು. ಸಾಯುತ್ತಿದ್ದ ಆ ಸರ್ಪಯುಗಲವು ಕುಮಾರನ ದಯೆಯಿಂದ ಧರಣೇಂದ್ರ ಪದ್ಮಾವತಿಯರಾಗಿ ಹುಟ್ಟಿತು. ಇಂದಿಗೂ ಬಸದಿಗಳಲ್ಲಿ ಪಾರ್ಶ್ವನಾಥಸ್ವಾಮಿಯ ಮಸ್ತಕದ ಮೇಲೆ ಹೆಡೆ ಬಿಚ್ಚಿ ನಿಂತಿರುವುದು ಆ ಉಪಕಾರದ ಸ್ಮರಣೆಯೇ.

ತಪಸ್ಸನ್ನು ಎಲ್ಲರೂ ಕಂಡರು. ಕಟ್ಟಿಗೆಯೊಳಗಿನ ಜೀವವನ್ನು ಒಬ್ಬನೇ ಕಂಡನು. ಗಾಜಿನ ಪೆಟ್ಟಿಗೆಯೂ ಹಾಗೆಯೇ. ಮೈಬಣ್ಣವನ್ನು ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಒಳಗಿನ ಸಂಕಟ ಕಾಣುವುದು ಕರುಣೆಯುಳ್ಳ ಕಣ್ಣಿಗೆ ಮಾತ್ರ. ಹಿಂಸೆಯ ಮೂಲ ಪ್ರಮಾದವೆಂದು ಆಚಾರ್ಯರು ಹೇಳಿರುವುದರ ಅರ್ಥ ಇದೇ. ಕೈಯೆತ್ತಿ ಹೊಡೆದರೆ ಮಾತ್ರ ಹಿಂಸೆಯಲ್ಲ. ತನ್ನ ವಶದಲ್ಲಿರುವ ಜೀವಿಯ ವಿಷಯದಲ್ಲಿ ಅಜಾಗರೂಕನಾಗಿರುವುದೂ ಹಿಂಸೆಯೇ. ತಟ್ಟೆಯ ತುಂಬ ಸೊಪ್ಪು ಇಟ್ಟು, ಅದನ್ನು ತಿನ್ನಲು ಬೇಕಾದ ಬಿಸಿಲು ಬೆಚ್ಚಗೆಗಳನ್ನು ಕೊಡದಿದ್ದರೆ, ಅದು ತಟ್ಟೆ ತುಂಬಿರುವಾಗಲೇ ನಡೆಯುವ ಅನ್ನಪಾನ ನಿರೋಧ.

ನಾಲ್ಕು ದಾನಗಳು

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ವಿಧ. ಸತ್ಪಾತ್ರರಿಗೆ ಭಕ್ತಿಯಿಂದ ಕೊಡುವ ಈ ನಾಲ್ಕನ್ನೂ ಸಂಕಟದಲ್ಲಿರುವ ಜೀವಿಗಳಿಗೆ ಕರುಣೆಯಿಂದ ಕೊಡಬೇಕು. ಉಣ್ಣದ ಹಲ್ಲಿಯ ಸೇವೆಯಲ್ಲಿ ಇವುಗಳ ಕ್ರಮ ಮಾತ್ರ ಹಿಂದುಮುಂದಾಗುತ್ತದೆ. ಅಭಯ ಮೊದಲು, ಆಹಾರ ಕೊನೆಗೆ.

ಅಭಯದಾನ: ಹೆದರಿದ ಜೀವಿ ತಿನ್ನುವುದಿಲ್ಲ. ಮನೆಗೆ ಹೊಸದಾಗಿ ಬಂದಿರಬಹುದು, ಪೆಟ್ಟಿಗೆಯ ಜಾಗ ಬದಲಾಗಿರಬಹುದು, ನಾಯಿ ಬೆಕ್ಕುಗಳು ಎದುರಿಗೆ ಸುಳಿಯುತ್ತಿರಬಹುದು, ಹಬ್ಬಕ್ಕೆ ಬಂದ ನೆಂಟರ ಮಕ್ಕಳು ಗಾಜನ್ನು ತಟ್ಟುತ್ತಿರಬಹುದು. ಪದೇಪದೇ ಎತ್ತಿಕೊಳ್ಳುವುದನ್ನು ನಿಲ್ಲಿಸಬೇಕು. ಅವಿತುಕೊಳ್ಳಲು ಮರೆಯನ್ನೂ, ಏರಿ ಕೂರಲು ಗಟ್ಟಿಯಾದ ಕೊಂಬೆಯನ್ನೂ ಕೊಡಬೇಕು. ಇಗುವಾನಾ ಮರದ ಮೇಲೆ ಬಾಳುವ ಜೀವಿ; ನೆಲಮಟ್ಟದಲ್ಲಿ ಅದಕ್ಕೆ ನಿರ್ಭಯವಿಲ್ಲ.

ಶಾಸ್ತ್ರದಾನ: ಇಲ್ಲಿ ಶಾಸ್ತ್ರವೆಂದರೆ ಆ ಜೀವಿಯ ಸ್ವಭಾವವನ್ನು ತಿಳಿಯುವುದು. ಎದೆಯಿಂದ ಹರಿಯುವ ಹಾವುಗಳನ್ನೂ ಕಾಲುಗಳಿಂದ ಹರಿದಾಡುವ ಉಡ ಹಲ್ಲಿಗಳನ್ನೂ ಉರಃಪರಿಸರ್ಪ, ಭುಜಪರಿಸರ್ಪಗಳೆಂದು ವಿಂಗಡಿಸಿದವರು ಜೈನಾಚಾರ್ಯರು. ಜೀವಿಯನ್ನು ತಿಳಿಯದೆ ದಯೆಯಿಲ್ಲವೆಂದು ಅವರು ಬಲ್ಲರು. ಹಲ್ಲಿಯ ಜಾತಿಯ ಪ್ರಾಣಿಗಳಿಗೆ ಮನುಷ್ಯರಂತೆ ಒಳಗಿನಿಂದ ಹುಟ್ಟುವ ಮೈಬಿಸಿಯಿಲ್ಲ. ಸುತ್ತಲಿನ ಬಿಸಿಯೇ ಅವುಗಳ ಜಠರಾಗ್ನಿ. ಇಗುವಾನಾದ ತವರು ಮಧ್ಯ ಅಮೆರಿಕ, ದಕ್ಷಿಣ ಅಮೆರಿಕಗಳ ಉಷ್ಣ ಕಾಡುಗಳು. ಹಗಲಿನಲ್ಲಿ ಅದು ಮೈಕಾಯಿಸುವ ಜಾಗ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಿಸಿ ಹೆಚ್ಚಾದಾಗ ಸರಿದುಹೋಗಲು ಪೆಟ್ಟಿಗೆಯ ಇನ್ನೊಂದು ಬದಿ 27ರ ಆಸುಪಾಸಿನಲ್ಲಿರಬೇಕು. ವಯನಾಡು ಸಮುದ್ರಮಟ್ಟದಿಂದ ಸುಮಾರು 700 ಮೀಟರಿಗಿಂತ ಮೇಲಿರುವ ನಾಡು. ನೀಲಗಿರಿ ಇನ್ನೂ ಎತ್ತರ. ಮಳೆ ಹಿಡಿದಾಗ, ಮಾಗಿಯ ರಾತ್ರಿಗಳಲ್ಲಿ, ಕರೆಂಟು ಹೋದಾಗ ಪೆಟ್ಟಿಗೆ ತಣ್ಣಗಾಗುತ್ತದೆ, ಜಠರ ಆರುತ್ತದೆ, ಜೀವಿ ಆಹಾರವನ್ನು ಬಿಡುತ್ತದೆ. ಆದುದರಿಂದ ಮೊದಲು ಮಾಡಬೇಕಾದ ಕೆಲಸ ಥರ್ಮಾಮೀಟರ್ ಇಟ್ಟು ನೋಡುವುದು. ಕರೆಂಟಿಲ್ಲದ ಹೊತ್ತಿನಲ್ಲಿ ಬಿಸಿನೀರಿನ ರಬ್ಬರ್ ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡಬಹುದು. ಬರಿಯ ಬಲ್ಬು ಮೈಗೆ ತಾಗುವಂತಿದ್ದರೆ ಸುಡುತ್ತದೆ. ಅದಕ್ಕೆ ಜಾಲರಿ ಕಟ್ಟಬೇಕು.

ಬಿಸಿಯಂತೆ ಬೆಳಕೂ ಬೇಕು. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಯು.ವಿ.ಬಿ. ಎಂಬ ಭಾಗವು ಮೈಯಲ್ಲಿ ಡಿ ಜೀವಸತ್ವವನ್ನು ಹುಟ್ಟಿಸುತ್ತದೆ. ಅದಿಲ್ಲದಿದ್ದರೆ ತಿಂದ ಸುಣ್ಣದಂಶ ಎಲುಬಿಗೆ ಸೇರುವುದಿಲ್ಲ. ಎಲುಬು ಮೆತ್ತಗಾಗಿ, ದವಡೆ ಬಾಗಿ, ಕೈಕಾಲು ನಡುಗುತ್ತವೆ. ದವಡೆ ನೋಯುವ ಜೀವಿ ಹಸಿದಿದ್ದರೂ ತಿನ್ನಲಾರದು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಸಾಲದು, ಏಕೆಂದರೆ ಗಾಜು ಈ ಕಿರಣವನ್ನು ತಡೆಯುತ್ತದೆ. ಇದಕ್ಕೆಂದೇ ಇರುವ ದೀಪಗಳನ್ನು ಹಾಕಿದರೂ, ಉರಿಯುತ್ತಿರುವಂತೆ ಕಂಡರೂ ಕೆಲವು ತಿಂಗಳುಗಳಲ್ಲಿ ಅವುಗಳ ಕಿರಣ ಕುಗ್ಗುವುದರಿಂದ ಆರು ತಿಂಗಳಿಗೋ ವರ್ಷಕ್ಕೋ ಬದಲಾಯಿಸಬೇಕು. ಬಿಸಿಲಿರುವ ದಿನ ನೆರಳೂ ಇರುವ ಅಂಗಳದಲ್ಲಿ, ಕಾವಲಿನಲ್ಲಿ, ಸ್ವಲ್ಪ ಹೊತ್ತು ಬಿಡುವುದು ಒಳ್ಳೆಯದು.

ಔಷಧದಾನ: ಪೊರೆ ಕಳಚುವ ದಿನಗಳಲ್ಲಿ ಆಹಾರ ಕಡಿಮೆಯಾಗುವುದುಂಟು. ಬೆದೆಯ ಕಾಲದಲ್ಲಿ ದೊಡ್ಡ ಗಂಡುಗಳು ಆಹಾರ ಬಿಡುವುದುಂಟು. ಹೆಣ್ಣು ಇಗುವಾನಾ ಗಂಡಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಆಗ ಹೊಟ್ಟೆ ತುಂಬಿ ಆಹಾರ ಬಿಡುತ್ತದೆ, ಅಗೆಯಲು ಮಣ್ಣು ಹುಡುಕುತ್ತದೆ. ಮೊಟ್ಟೆಯಿಡಲು ಜಾಗ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಕರುಳಿನಲ್ಲಿ ಹುಳುಗಳಿರಬಹುದು, ಬಾಯಿ ಹುಣ್ಣಾಗಿರಬಹುದು, ನುಂಗಿದ ಕಲ್ಲು ಮರಳು ಸಿಕ್ಕಿಕೊಂಡಿರಬಹುದು. ಇವನ್ನು ಹೊರಗಿನಿಂದ ಊಹಿಸಲಾಗದು. ಬಿಸಿ, ಬೆಳಕು ಸರಿಪಡಿಸಿಯೂ ಒಂದು ವಾರದೊಳಗೆ ಆಹಾರ ಮುಟ್ಟದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮರಿಯಾದರೆ ಅಷ್ಟು ದಿನವೂ ಕಾಯಬಾರದು. ಕಣ್ಣು ಗುಳಿಬಿದ್ದಿದ್ದರೆ, ಬಾಲದ ಬುಡ ಸೊರಗಿ ಎಲುಬು ಕಂಡರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೈ ನಡುಗುತ್ತಿದ್ದರೆ, ಮಲವಿಸರ್ಜನೆ ನಿಂತಿದ್ದರೆ ಅಂದೇ ಹೊರಡಬೇಕು. ವಯನಾಡಿನವರಿಗೆ ಪೂಕೋಡಿನಲ್ಲಿ ಪಶುವೈದ್ಯ ಮಹಾವಿದ್ಯಾಲಯವೇ ಇದೆ. ಒಯ್ಯುವಾಗ ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಯ್ಯಬೇಕು. ಸಿಕ್ಕಿದರೆ ಹೊಸ ಮಲವನ್ನೂ ಚಿಕ್ಕ ಡಬ್ಬಿಯಲ್ಲಿ ತೆಗೆದುಕೊಂಡು ಹೋದರೆ ಪರೀಕ್ಷೆಗೆ ಅನುಕೂಲ. ಮನುಷ್ಯರ ಮಾತ್ರೆಯನ್ನು ಪುಡಿಮಾಡಿ ಕೊಡುವುದು ವಿಷ ಕೊಟ್ಟಂತೆ.

ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡುವ ಅಭ್ಯಾಸವೂ ಔಷಧವೇ. ಅಂಗಡಿಯ ರೋಜನಾಮೆಯನ್ನು ದಿನವೂ ಬರೆಯುವವನು ಮನೆಯ ಮೂಕಜೀವಿಯ ಲೆಕ್ಕಕ್ಕೆ ಒಂದು ಸಾಲು ಬರೆಯಲಾರನೇ? ಹಲ್ಲಿಗಳು ಬಹಳ ದಿನ ಉಣ್ಣದೆ ಬದುಕಬಲ್ಲವು. ಅದೇ ಅಪಾಯ. ಕಣ್ಣಿಗೆ ಕಾಣುವ ಹೊತ್ತಿಗೆ ಬಂಡವಾಳವೆಲ್ಲ ಕರಗಿರುತ್ತದೆ. ತಕ್ಕಡಿ ಮೊದಲೇ ಹೇಳುತ್ತದೆ.

ಆಹಾರದಾನ: ಇದು ಕೊನೆಯದು. ಎಲ್ಲರೂ ಮೊದಲು ಮಾಡಹೋಗುವುದೂ ಇದೇ. ತಣ್ಣಗಾದ ಜೀವಿಯ ಬಾಯಿ ತೆರೆಸಿ ಆಹಾರ ತುರುಕುವುದು ಕರುಣೆಯಂತೆ ಕಂಡರೂ ಹಿಂಸೆ. ಆರಿದ ಜಠರದಲ್ಲಿ ಆಹಾರ ಕೊಳೆಯುತ್ತದೆ. ಶ್ವಾಸನಾಳಕ್ಕೆ ಹೋದರೆ ಪ್ರಾಣವೇ ಹೋಗುತ್ತದೆ. ಕೊಳವೆಯಿಂದ ಉಣಿಸುವುದು ವೈದ್ಯರ ಕೆಲಸ. ಮೊದಲು ಬೆಚ್ಚಗೆ, ಆಮೇಲೆ ನೀರು, ಆಮೇಲೆ ಆಹಾರ. ಗಾಳಿಸಿದ ನೀರನ್ನು ಉಗುರುಬೆಚ್ಚಗೆ ಮಾಡಿ, ಅಗಲವಾದ ಪಾತ್ರೆಯಲ್ಲಿ ಅದರ ಭುಜ ಮುಳುಗದಷ್ಟು ಹಾಕಿ, ಹದಿನೈದು ನಿಮಿಷ ಎದುರಿಗೇ ಕುಳಿತು ಕಾಯಬೇಕು. ಅನೇಕ ಬಾರಿ ಅದು ಅಲ್ಲೇ ನೀರು ಕುಡಿಯುತ್ತದೆ.

ಇಗುವಾನಾಗೆ ನುಗ್ಗೆಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂ, ತುರಿದ ಸಿಹಿಗುಂಬಳ ಒಗ್ಗುತ್ತವೆ. ನುಗ್ಗೆಸೊಪ್ಪಿನಲ್ಲಿ ಸುಣ್ಣದಂಶ ಹೇರಳ. ಪಾಲಕ್ ಸೊಪ್ಪು ಸುಣ್ಣದಂಶವನ್ನು ಹಿಡಿದಿಡುವುದರಿಂದ ನಿತ್ಯದ ಆಹಾರವಲ್ಲ. ಅನ್ನ, ಹಾಲು, ಬ್ರೆಡ್ಡುಗಳು ಅದರ ಆಹಾರವಲ್ಲ. ಕಂದಮೂಲವೂ ಬೇಕಿಲ್ಲ. ಅದು ಹಗಲಿನಲ್ಲಿ ತಿನ್ನುವ ಜೀವಿಯಾದುದರಿಂದ ಬೆಳಿಗ್ಗೆ ಮೈಕಾದ ಮೇಲೆ ಕೊಡಬೇಕು. ದೀಪವಾರಿಸುವ ಹೊತ್ತಿಗೆ ಕೊಟ್ಟರೆ ಜೀರ್ಣವಾಗದು. ಕೆಂಪು ದಾಸವಾಳದ ಒಂದು ಹೂವನ್ನು ಎದುರಿಗಿಟ್ಟು ದೂರ ಸರಿಯುವುದು, ಬಾಯಿಗೆ ಹಿಡಿದು ಪೀಡಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಹುಳು ತಿನ್ನುವ ಹಲ್ಲಿಗಳ ಪ್ರಶ್ನೆ

ಇಲ್ಲಿ ಕಠಿಣವಾದ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಪೇಟೆಯಲ್ಲಿ ಮಾರುವ ಹಲ್ಲಿಗಳೆಲ್ಲ ಎಲೆ ತಿನ್ನುವುದಿಲ್ಲ. ಲೆಪರ್ಡ್ ಗೆಕ್ಕೋ ಎಂಬುದು ಹುಳುಹುಪ್ಪಟೆಗಳನ್ನೇ ತಿಂದು ಬದುಕುತ್ತದೆ. ಬಿಯರ್ಡೆಡ್ ಡ್ರ್ಯಾಗನ್ ಎಂಬುದಕ್ಕೂ, ಮುಖ್ಯವಾಗಿ ಮರಿಯಾಗಿದ್ದಾಗ, ಹುಳುಗಳು ಬೇಕು. ಇಂಥದನ್ನು ತಂದು, ಜೈನರ ಮನೆಯೆಂದು ಸೊಪ್ಪನ್ನು ಮಾತ್ರ ಇಟ್ಟರೆ ಅದು ಉಣ್ಣದೆ ಸೊರಗುತ್ತದೆ. ಹುಳುಗಳನ್ನು ತಂದು ಹಾಕಿದರೆ ತ್ರಸಜೀವಿಗಳ ಸಂಕಲ್ಪಹಿಂಸೆ. ಹಾಕದಿದ್ದರೆ ಅನ್ನಪಾನ ನಿರೋಧ. ಎರಡು ಕಡೆಯೂ ವ್ರತಭಂಗವಾಗುವ ಇಂಥ ಇಕ್ಕಟ್ಟಿಗೆ ಶ್ರಾವಕನು ಪ್ರವೇಶಿಸಲೇಬಾರದು. ತಿಳಿಯದೆ ತಂದಿದ್ದರೆ, ಅದರ ಆಹಾರಕ್ರಮ ಬಲ್ಲ, ಕಾನೂನಿನಂತೆ ಸಾಕುವ ಅರ್ಹರಿಗೆ ಆದಷ್ಟು ಬೇಗ ಒಪ್ಪಿಸಬೇಕು. ತನ್ನ ಶಾಕಾಹಾರವನ್ನು ಅದರ ಹೊಟ್ಟೆಯ ಮೇಲೆ ಹೇರುವುದು ಧರ್ಮವಲ್ಲ. ವ್ರತವು ಹಿಡಿದವನದು, ಹಿಡಿಯದ ಜೀವಿಯಿಂದ ಅದರ ಬೆಲೆ ಕಟ್ಟಿಸಬಾರದು.

ತರುವ ಮೊದಲಿನ ವಿವೇಕ

ಮಾಡುವುದು, ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು, ಈ ಮೂರರಿಂದಲೂ ಕರ್ಮಬಂಧವಾಗುತ್ತದೆ. ಕೊಳ್ಳುವವನಿದ್ದಾನೆಂದೇ ಹಿಡಿಯುವವನು ಹಿಡಿಯುತ್ತಾನೆ, ಮಾರುವವನು ಮಾರುತ್ತಾನೆ. ವ್ಯಾಪಾರದ ಈ ಸತ್ಯವನ್ನು ಜೈನ ಮನೆತನಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ದೇಶದ ಕಾನೂನೂ ಇದೇ ದಿಕ್ಕಿನಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉಡ, ಊಸರವಳ್ಳಿಗಳಂಥ ಇಲ್ಲಿನ ಕಾಡಿನ ಜೀವಿಗಳನ್ನು ಹಿಡಿದು ಸಾಕುವುದು ಅಪರಾಧ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಗುವಾನಾದಂಥ ಪರದೇಶದ ಜೀವಿಗಳನ್ನು ಸಾಕುವವರೂ ಸರಕಾರಕ್ಕೆ ತಿಳಿಸಿ ನೋಂದಾಯಿಸಬೇಕು. 2024ರಲ್ಲಿ ಅದರ ನಿಯಮಗಳು ಪ್ರಕಟವಾಗಿವೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಬೇಸತ್ತವರು "ಅಭಯದಾನ ಮಾಡಿದೆವು" ಎಂದು ಪರದೇಶದ ಜೀವಿಯನ್ನು ತೋಟಕ್ಕೋ ಕಾಡಿಗೋ ಬಿಡುತ್ತಾರೆ. ಅದು ಚಳಿಗೆ ಸಾಯುತ್ತದೆ, ಅಥವಾ ಬದುಕಿ ಇಲ್ಲಿನ ಗಿಡಮರ ಜೀವಿಗಳಿಗೆ ಕಂಟಕವಾಗುತ್ತದೆ. ಕೈತೊಳೆದುಕೊಳ್ಳುವುದು ಅಭಯದಾನವಲ್ಲ. ತಂದುದು ತಪ್ಪಾಗಿದ್ದರೂ, ತಂದ ಮೇಲೆ ಅದರ ಆಯುಷ್ಯ ಇರುವವರೆಗೆ ನೋಡಿಕೊಳ್ಳುವುದೇ ಆ ತಪ್ಪಿನ ಪ್ರಾಯಶ್ಚಿತ್ತ.

ಸಂಯಮದ ಎರಡು ಕೈಗಳು

ದಶಧರ್ಮಗಳಲ್ಲಿ ಉತ್ತಮ ಸಂಯಮವು ಎರಡು ಬಗೆ: ಇಂದ್ರಿಯ ಸಂಯಮ ಮತ್ತು ಪ್ರಾಣಿ ಸಂಯಮ. ನಾಲಗೆಯನ್ನು ಗೆಲ್ಲುವುದು ಮೊದಲನೆಯದು. ಷಟ್ಕಾಯ ಜೀವಿಗಳನ್ನು ರಕ್ಷಿಸುವುದು ಎರಡನೆಯದು. ಪರ್ವದಲ್ಲಿ ಒಪ್ಪೊತ್ತು ಉಂಡು, ಮನೆಯ ಮೂಲೆಯಲ್ಲಿ ಹಸಿದ ಜೀವಿಯನ್ನು ಮರೆತವರ ಸಂಯಮಕ್ಕೆ ಒಂದೇ ಕೈ. ಏಕಭುಕ್ತದ ಅಜ್ಜಿಯು ರಾತ್ರಿ ಎದ್ದು, ಮೊಮ್ಮಗನ ಜೊತೆ ಬಿಸಿನೀರಿನ ಚೀಲವನ್ನು ಬದಲಾಯಿಸಿದರೆ ಆ ಮನೆಯಲ್ಲಿ ಎರಡೂ ಕೈಗಳು ಜೋಡಿದವು. ಬಸದಿಯಲ್ಲಿ ಜೋಡಿಸಿದ ಕೈಗಳಿಗೂ ಆಗ ಅರ್ಥ ಬರುತ್ತದೆ.

ಎಲ್ಲವನ್ನೂ ಮಾಡಿದರೂ ಕೆಲವು ಜೀವಿಗಳು ಉಳಿಯವು. ಆಯುಃಕರ್ಮ ತೀರಿದ್ದನ್ನು ತೀರ್ಥಂಕರರೂ ಬೆಳೆಸಲಿಲ್ಲ. ಆಗ ಜೀವಂಧರಕುಮಾರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದಂತೆ, ಅದರ ಬಳಿ ಕುಳಿತು ಶಾಂತವಾದ ದನಿಯಲ್ಲಿ ಣಮೋಕಾರವನ್ನು ಹೇಳಬೇಕು. ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತೆಂದು ಪುರಾಣ ಹೇಳುತ್ತದೆ. ಮಂತ್ರವು ಜೀವಕ್ಕೆ, ಮದ್ದು ದೇಹಕ್ಕೆ. ಒಂದರ ಹೆಸರು ಹೇಳಿ ಇನ್ನೊಂದನ್ನು ತಪ್ಪಿಸಬಾರದು. ಮಕ್ಕಳು ಅಳಲಿ. ಆ ಅಳು ಅನುಕಂಪೆ, ಸಮ್ಯಕ್ತ್ವದ ಲಕ್ಷಣಗಳಲ್ಲಿ ಒಂದು.

ಪರ್ವ ಮುಗಿದ ಮೇಲೆ ಕ್ಷಮಾವಣಿ. ಕನ್ನಡ, ಮಲಯಾಳ, ತಮಿಳು, ಮರಾಠಿ ಎಂಬ ಭೇದವಿಲ್ಲದೆ ಜೈನರು ಒಬ್ಬರನ್ನೊಬ್ಬರು ಕ್ಷಮೆ ಬೇಡುವ ದಿನ. ಆ ಕ್ಷಮೆ ಮನುಷ್ಯರಿಗಷ್ಟೇ ಸಲ್ಲತಕ್ಕದ್ದಲ್ಲ, ಸಮಸ್ತ ಜೀವರಾಶಿಗೆ ಸಲ್ಲತಕ್ಕದ್ದು. ಮನೆಯಲ್ಲಿ ಬಂಧಿಸಿಟ್ಟ ಜೀವಿಯುಂಟಾದರೆ ಮೊದಲ ಕ್ಷಮೆ ಅದಕ್ಕೆ. ಅದಕ್ಕೆ ಕನ್ನಡವೂ ತಿಳಿಯದು, ಮಲಯಾಳವೂ ತಿಳಿಯದು. ಬೆಚ್ಚಗಿನ ಕೊಂಬೆ, ಗಾಳಿಸಿದ ನೀರು, ಹೊತ್ತಿಗೆ ಸರಿಯಾದ ಎಲೆ, ಇವು ತಿಳಿಯುತ್ತವೆ. ಆ ಭಾಷೆಯಲ್ಲಿ ಕ್ಷಮೆ ಬೇಡುವ ಬುದ್ಧಿ ಎಲ್ಲ ಶ್ರಾವಕ ಶ್ರಾವಿಕೆಯರಿಗೂ ಒದಗಲಿ.

ಸರ್ವ ಜೀವಿಗಳಿಗೂ ಮಂಗಲವಾಗಲಿ. ಜೈ ಜಿನೇಂದ್ರ.